ಕಾಮಗಾರಿ ನಿರ್ವಹಣಾ ಯೋಜನೆ: ತಯಾರಿಕೆ ಮತ್ತು ಪಾಲನೆ

1. ಪೀಠಿಕೆ

ಸಾರ್ವಜನಿಕ ಹಣದಿಂದ ಕೈಗೊಳ್ಳಲಾಗುವ ಪ್ರತಿಯೊಂದು ಕಾಮಗಾರಿಗೂ ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ ಹಾಗೂ ತಾಂತ್ರಿಕ ಮಂಜೂರಾತಿ ಅವಶ್ಯವೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಆದರೆ ಈ ಮೂರೂ ಇದ್ದ ಮಾತ್ರಕ್ಕೆ ಕಾಮಗಾರಿಯು ನಿಗದಿತ ಅವಧಿಯಲ್ಲಿ ಮುಗಿದು ಜನರ ಉಪಯೋಗಕ್ಕೆ ದೊರೆಯುತ್ತದೆ ಎಂದು ಹೇಳಲಾಗದು. ಜಲಸಂಗ್ರಹಾಗಾರ ನಿರ್ಮಾಣವಾಗಿ, ಪೈಪುಗಳನ್ನು ಹೂಳಿ, ಬಿಲ್ಲುಗಳೂ ಪಾವತಿಯಾದ ನಂತರ ವಿದ್ಯುತ್ ಸಂಪರ್ಕವಿಲ್ಲದ ಕಾರಣ ನಲ್ಲಿಯಲ್ಲಿ ನೀರು ಬಾರದಿದ್ದಲ್ಲಿ, ಲೆಕ್ಕಪತ್ರದಲ್ಲಿ ಕಾಮಗಾರಿ ಮುಗಿದಿದ್ದರೂ ಗ್ರಾಮಸ್ಥರ ಪಾಲಿಗೆ ಅದು ಆರಂಭವೇ ಆಗಿರುವುದಿಲ್ಲ.

ಇಂತಹ ಸ್ಥಿತಿಯನ್ನು ತಪ್ಪಿಸಲು ಬಳಸುವ ಸಾಧನವೇ ಕಾಮಗಾರಿ ನಿರ್ವಹಣಾ ಯೋಜನೆ. ಇದನ್ನು ತಯಾರಿಸುವ ಮತ್ತು ಕಾಮಗಾರಿ ಮುಗಿಯುವವರೆಗೆ ಪಾಲಿಸುವ ಕ್ರಮವನ್ನು, ಗ್ರಾಮವೊಂದರ ಕುಡಿಯುವ ನೀರಿನ ಕಾಮಗಾರಿಯ ಉದಾಹರಣೆಯೊಂದಿಗೆ, ಸಿಬ್ಬಂದಿ ವರ್ಗ, ಗ್ರಾಮ ಪಂಚಾಯತಿ ಸದಸ್ಯರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಉದಾಹರಣೆಯಲ್ಲಿನ ಮೊತ್ತ, ಅವಧಿ ಮತ್ತು ಜನಸಂಖ್ಯೆಗಳು ವಿವರಣೆಗಾಗಿ ಕಲ್ಪಿಸಿಕೊಂಡವುಗಳಾಗಿರುತ್ತವೆ.

2. ನಿರ್ವಹಣಾ ಯೋಜನೆ ಎಂದರೇನು?

ಕಾಮಗಾರಿಯ ಉದ್ದೇಶವೇನು, ಅದರಲ್ಲಿ ಯಾವ ಕೆಲಸಗಳು ಸೇರಿವೆ, ಯಾವ ಕೆಲಸವನ್ನು ಯಾರು, ಯಾವಾಗ, ಎಷ್ಟು ವೆಚ್ಚದಲ್ಲಿ ಮಾಡಬೇಕು, ಕೆಲಸದ ಗುಣಮಟ್ಟವನ್ನು ಹೇಗೆ ಪರೀಕ್ಷಿಸಬೇಕು, ಅಡಚಣೆ ಬಂದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ನೀಡುವ ದಾಖಲೆಯೇ ನಿರ್ವಹಣಾ ಯೋಜನೆ. ಇದನ್ನು ಕೆಳಕಂಡ ದಾಖಲೆಗಳೊಂದಿಗೆ ಬೆರೆಸಿ ತಿಳಿಯಬಾರದು.

ಅ) ಕ್ರಿಯಾ ಯೋಜನೆ: ಒಂದು ಆರ್ಥಿಕ ವರ್ಷದಲ್ಲಿ ಕೈಗೊಳ್ಳಬೇಕಾದ ಕಾಮಗಾರಿಗಳ ಪಟ್ಟಿ ಮತ್ತು ಅವುಗಳಿಗೆ ಹಂಚಿಕೆಯಾದ ಮೊತ್ತ.

ಆ) ಅಂದಾಜು ಪಟ್ಟಿ: ದರಪಟ್ಟಿಯ ಆಧಾರದ ಮೇಲೆ ಲೆಕ್ಕ ಹಾಕಿದ, ಕಾಮಗಾರಿಯ ಪ್ರತಿ ಅಂಶದ ಪರಿಮಾಣ ಮತ್ತು ವೆಚ್ಚ.

ಇ) ಗುತ್ತಿಗೆ ಕರಾರು: ಗುತ್ತಿಗೆದಾರರು ಮಾಡಬೇಕಾದ ಕೆಲಸ ಮತ್ತು ಅದರ ಷರತ್ತುಗಳು.

ಗುತ್ತಿಗೆದಾರರ ಹೊಣೆಯಲ್ಲಿಲ್ಲದ ಕೆಲಸಗಳು ಕರಾರಿನಲ್ಲಿ ಕಾಣಿಸುವುದಿಲ್ಲ. ನಿವೇಶನದ ಹಸ್ತಾಂತರ, ರಸ್ತೆ ಅಗೆಯಲು ಅನುಮತಿ, ವಿದ್ಯುತ್ ಸಂಪರ್ಕ, ನೀರಿನ ಪರೀಕ್ಷಾ ವರದಿ ಮುಂತಾದವು ಬೇರೆ ಬೇರೆ ಕಚೇರಿಗಳಿಂದ ಬರಬೇಕಾದವು. ಕಾಮಗಾರಿಗಳು ನಿಲ್ಲುವುದು ಹೆಚ್ಚಾಗಿ ಇಂತಹ ಕಡೆಗಳಲ್ಲಿಯೇ. ಆದ್ದರಿಂದ ಕರಾರಿನ ಒಳಗಿನ ಮತ್ತು ಹೊರಗಿನ ಎರಡೂ ಬಗೆಯ ಕೆಲಸಗಳನ್ನು ಒಂದೇ ಪಟ್ಟಿಗೆ ತರುವುದು ನಿರ್ವಹಣಾ ಯೋಜನೆಯ ಮುಖ್ಯ ಪ್ರಯೋಜನವಾಗಿದೆ.

ಈ ಪದ್ಧತಿ ಹೊಸದೇನಲ್ಲ. ಕೆಲಸಗಳ ಅವಧಿಯನ್ನು ಅಡ್ಡ ಪಟ್ಟಿಗಳ ಮೂಲಕ ತೋರಿಸುವ ನಕ್ಷೆಯನ್ನು ಅಮೆರಿಕದ ಹೆನ್ರಿ ಗ್ಯಾಂಟ್ ಅವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪ್ರಚಾರಕ್ಕೆ ತಂದರು. ನಿರ್ಣಾಯಕ ಪಥ ಪದ್ಧತಿಯು 1957ರಲ್ಲಿ ಡ್ಯೂಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಗಳಲ್ಲಿಯೂ, ಪರ್ಟ್ ಪದ್ಧತಿಯು 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕಾರ್ಯಕ್ರಮದಲ್ಲಿಯೂ ರೂಪುಗೊಂಡವು. ಇವುಗಳ ಮೂಲತತ್ವವನ್ನು ಸಣ್ಣ ಕಾಮಗಾರಿಗೂ ಕಾಗದ ಪೆನ್ಸಿಲುಗಳಿಂದಲೇ ಅನ್ವಯಿಸಬಹುದಾಗಿದೆ.

3. ನಿರ್ವಹಣಾ ಯೋಜನೆಯ ತಯಾರಿಕೆ

3.1 ಉದ್ದೇಶವನ್ನು ಅಳೆಯುವಂತೆ ಬರೆಯುವುದು

"ಗ್ರಾಮಕ್ಕೆ ಕುಡಿಯುವ ನೀರಿನ ಸೌಲಭ್ಯ ಕಲ್ಪಿಸುವುದು" ಎಂದು ಬರೆದಲ್ಲಿ ಉದ್ದೇಶ ಈಡೇರಿತೇ ಇಲ್ಲವೇ ಎಂದು ನಿರ್ಧರಿಸುವುದು ಸಾಧ್ಯವಾಗುವುದಿಲ್ಲ. 2019ರ ಆಗಸ್ಟ್ 15ರಂದು ಘೋಷಿಸಲಾದ, ಕರ್ನಾಟಕದಲ್ಲಿ "ಮನೆ ಮನೆಗೆ ಗಂಗೆ" ಎಂದು ಕರೆಯಲಾಗುವ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಅದರಂತೆ ಉದ್ದೇಶವನ್ನು "ಗ್ರಾಮದ ಎಲ್ಲ ಮನೆಗಳ ನಲ್ಲಿಗಳಿಗೆ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರಿನಂತೆ, ಭಾರತೀಯ ಮಾನಕ 10500ಕ್ಕೆ ಅನುಗುಣವಾದ ನೀರನ್ನು, ಬೇಸಿಗೆಯೂ ಸೇರಿದಂತೆ ವರ್ಷವಿಡೀ ಒದಗಿಸುವುದು" ಎಂದು ಬರೆಯತಕ್ಕದ್ದು. ಪ್ರಮಾಣ, ಗುಣಮಟ್ಟ ಮತ್ತು ನಿರಂತರತೆ ಈ ಮೂರೂ ಇದರಲ್ಲಿ ಬರುತ್ತವೆ.

ಹೀಗೆ ಬರೆದ ಉದ್ದೇಶವನ್ನು ಕೂಡಲೇ ಲೆಕ್ಕಕ್ಕೆ ಒಡ್ಡಬಹುದು. ಗ್ರಾಮದ ವಿನ್ಯಾಸ ಜನಸಂಖ್ಯೆ 2,400 ಎಂದಿಟ್ಟುಕೊಂಡಲ್ಲಿ ದಿನಕ್ಕೆ ಬೇಕಾದ ನೀರು 1,32,000 ಲೀಟರ್. ಕೊಳವೆ ಬಾವಿಯ ಇಳುವರಿ ಗಂಟೆಗೆ 8,000 ಲೀಟರ್ ಇದ್ದಲ್ಲಿ ಪಂಪನ್ನು ದಿನಕ್ಕೆ ಹದಿನಾರೂವರೆ ಗಂಟೆ ನಡೆಸಬೇಕು. ಅಲ್ಲಿ ಮೂರು ಫೇಸ್ ವಿದ್ಯುತ್ 8 ಗಂಟೆ ಮಾತ್ರ ದೊರೆಯುವುದಾದರೆ ಸಿಗುವ ನೀರು 64,000 ಲೀಟರ್, ಅಂದರೆ ತಲಾ 27 ಲೀಟರಿಗೂ ಕಡಿಮೆ. ಜಲಸಂಗ್ರಹಾಗಾರವನ್ನು ಎಷ್ಟೇ ದೊಡ್ಡದಾಗಿ ಕಟ್ಟಿದರೂ ಈ ಕೊರತೆ ನೀಗುವುದಿಲ್ಲ. ಎರಡನೆಯ ಜಲಮೂಲ ಅಥವಾ ಹೆಚ್ಚು ಅವಧಿಯ ವಿದ್ಯುತ್ ಪೂರೈಕೆ ಬೇಕೆಂಬುದು ಅಂದಾಜು ಪಟ್ಟಿ ಅಂತಿಮಗೊಳ್ಳುವ ಮೊದಲೇ ತಿಳಿದುಬರುವುದು ಇಂತಹ ಲೆಕ್ಕದಿಂದಲೇ.

3.2 ವ್ಯಾಪ್ತಿ

ಕಾಮಗಾರಿಯಲ್ಲಿ ಏನು ಸೇರಿದೆ ಎಂಬುದರೊಂದಿಗೆ ಏನು ಸೇರಿಲ್ಲ ಎಂಬುದನ್ನೂ ಸ್ಪಷ್ಟವಾಗಿ ದಾಖಲಿಸಬೇಕು. ಪೈಪ್ ಹೂಳಲು ಅಗೆದ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರುವುದು ಯಾರ ಹೊಣೆ? ಶಾಲೆ ಮತ್ತು ಅಂಗನವಾಡಿಗಳಿಗೆ ಸಂಪರ್ಕವಿದೆಯೇ? ಊರ ಹೊರಗಿನ ತೋಟದ ಮನೆಗಳು ಸೇರಿವೆಯೇ? ಮನೆಗಳ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿ ಅಂಗೀಕಾರ ಪಡೆಯುವುದು ಸೂಕ್ತ. ಈ ಹಂತದಲ್ಲಿ ಬಿಟ್ಟುಹೋದ ಬೀದಿಯು ಮುಂದೆ ಹೆಚ್ಚುವರಿ ಅಂಶವಾಗಿ, ಹೆಚ್ಚುವರಿ ವೆಚ್ಚವಾಗಿ, ಕೆಲವೊಮ್ಮೆ ತಕರಾರಾಗಿ ಮರಳಿ ಬರುತ್ತದೆ.

3.3 ಕೆಲಸಗಳ ವಿಂಗಡಣೆ

ಕಾಮಗಾರಿಯನ್ನು ಭಾಗಗಳಾಗಿಯೂ, ಭಾಗಗಳನ್ನು ಒಬ್ಬರಿಗೆ ಒಪ್ಪಿಸಿ ಅಳೆಯಬಹುದಾದ ಕೆಲಸಗಳಾಗಿಯೂ ವಿಂಗಡಿಸಬೇಕು. ಉದಾಹರಣೆಯ ಕಾಮಗಾರಿಯ ಕೆಲಸಗಳು ಮತ್ತು ಅವಧಿ ಈ ಕೆಳಕಂಡಂತಿವೆ.

1) ಕೊಳವೆ ಬಾವಿ ಕೊರೆಯುವುದು, ಇಳುವರಿ ಪರೀಕ್ಷೆ, ನೀರಿನ ಗುಣಮಟ್ಟ ಪರೀಕ್ಷೆ: 4 ವಾರ (ಇದೇ ಅವಧಿಯಲ್ಲಿ ಜಲಸಂಗ್ರಹಾಗಾರದ ನಿವೇಶನದ ಮಣ್ಣಿನ ಪರೀಕ್ಷೆ ಮತ್ತು ವಿನ್ಯಾಸ)
2) ಮೇಲ್ಮಟ್ಟದ ಜಲಸಂಗ್ರಹಾಗಾರದ ನಿರ್ಮಾಣ, ಕ್ಯೂರಿಂಗ್ ಹಾಗೂ ಸೋರಿಕೆ ಪರೀಕ್ಷೆ: 20 ವಾರ
3) ಪೈಪುಗಳ ಸರಬರಾಜು 5 ವಾರ, ಅಳವಡಿಕೆ 9 ವಾರ, ಮನೆಗಳಿಗೆ ನಲ್ಲಿ ಸಂಪರ್ಕ 3 ವಾರ: ಒಟ್ಟು 17 ವಾರ
4) ವಿದ್ಯುತ್ ಸಂಪರ್ಕಕ್ಕೆ ಅರ್ಜಿ, ಅಂದಾಜು, ಠೇವಣಿ ಪಾವತಿ, ಪರಿವರ್ತಕ ಅಳವಡಿಕೆ: 16 ವಾರ
5) ಪಂಪ್ ಮನೆ ಹಾಗೂ ಪಂಪ್ ಅಳವಡಿಕೆ: 8 ವಾರ
6) ಪ್ರಾಯೋಗಿಕ ಚಾಲನೆ ಮತ್ತು ನ್ಯೂನತೆ ಸರಿಪಡಿಸುವಿಕೆ: 3 ವಾರ

ಜಲಮೂಲದ ಇಳುವರಿ ಮತ್ತು ಗುಣಮಟ್ಟ ಖಚಿತವಾದ ನಂತರವೇ 2ರಿಂದ 5ರವರೆಗಿನ ಕೆಲಸಗಳನ್ನು ಆರಂಭಿಸಬೇಕು. ನೀರು ದೊರೆಯುವುದು ಖಾತ್ರಿಯಾಗದೆ ಜಲಸಂಗ್ರಹಾಗಾರ ಕಟ್ಟತಕ್ಕದ್ದಲ್ಲ. ಪಂಪಿನ ಅಶ್ವಶಕ್ತಿಯೂ ಇಳುವರಿ ಪರೀಕ್ಷೆಯ ನಂತರವಷ್ಟೇ ನಿರ್ಧಾರವಾಗುವುದರಿಂದ ವಿದ್ಯುತ್ ಅರ್ಜಿಯೂ ಅದನ್ನೇ ಅವಲಂಬಿಸಿರುತ್ತದೆ.

3.4 ವೇಳಾಪಟ್ಟಿ ಮತ್ತು ನಿರ್ಣಾಯಕ ಪಥ

ಮೇಲಿನ ಕೆಲಸಗಳು ಒಂದರ ಹಿಂದೆ ಒಂದು ಬರುವ ಸಾಲುಗಳಿಗೆ ಪಥಗಳೆಂದು ಹೆಸರು. ಜಲಸಂಗ್ರಹಾಗಾರದ ಪಥಕ್ಕೆ 4, 20 ಮತ್ತು 3 ಸೇರಿ 27 ವಾರಗಳು ಬೇಕು. ಪೈಪ್ ಪಥಕ್ಕೆ 24 ವಾರ, ವಿದ್ಯುತ್ ಪಥಕ್ಕೆ 23 ವಾರ, ಪಂಪ್ ಪಥಕ್ಕೆ 15 ವಾರ. ಎಲ್ಲಕ್ಕಿಂತ ದೀರ್ಘವಾದ ಪಥವೇ ನಿರ್ಣಾಯಕ ಪಥ. ಅದರಲ್ಲಿ ಒಂದು ವಾರ ತಡವಾದರೆ ಇಡೀ ಕಾಮಗಾರಿ ಒಂದು ವಾರ ತಡವಾಗುತ್ತದೆ. ವಿದ್ಯುತ್ ಪಥಕ್ಕೆ 4 ವಾರಗಳ ಬಿಡುವು ಇದೆ. ಆ ಬಿಡುವು ಮೀರಿದಲ್ಲಿ ಅದೇ ನಿರ್ಣಾಯಕ ಪಥವಾಗಿ ಪರಿಣಮಿಸುತ್ತದೆ.

ಅಕ್ಟೋಬರ್ 1ರಂದು ಕಾರ್ಯಾದೇಶ ನೀಡಿದಲ್ಲಿ 27 ವಾರಗಳ ಈ ಕಾಮಗಾರಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ವಿದ್ಯುತ್ ಅರ್ಜಿಯನ್ನು ಇಳುವರಿ ಪರೀಕ್ಷೆಯ ನಂತರ 8 ವಾರ ತಡವಾಗಿ ಸಲ್ಲಿಸಿದರೆ, 4 ವಾರಗಳ ಬಿಡುವು ಕಳೆದು ಇನ್ನೂ 4 ವಾರ ವಿಳಂಬವಾಗಿ, ಕಾಮಗಾರಿ ಮೇ ಮೊದಲ ವಾರಕ್ಕೆ ಹೋಗುತ್ತದೆ. ನೀರಿನ ಅಭಾವ ತೀವ್ರವಾಗಿರುವ ಏಪ್ರಿಲ್ ತಿಂಗಳಿನಲ್ಲಿ, ಸಿದ್ಧವಾದ ಜಲಸಂಗ್ರಹಾಗಾರದ ಕೆಳಗೇ ಗ್ರಾಮಸ್ಥರು ಟ್ಯಾಂಕರ್ ನೀರಿಗಾಗಿ ಕಾಯಬೇಕಾಗುತ್ತದೆ. ಅದೇ ಕಾರ್ಯಾದೇಶವನ್ನು ಫೆಬ್ರವರಿ 1ರಂದು ನೀಡಿದಲ್ಲಿ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ನೀರು ದೊರೆಯುವುದರಿಂದ ಆ ಬೇಸಿಗೆಯೇ ಕೈತಪ್ಪುತ್ತದೆ.

ವೇಳಾಪಟ್ಟಿ ತಯಾರಿಸುವಾಗ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅ) ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆತ ಮತ್ತು ಕಾಂಕ್ರೀಟ್ ಕೆಲಸಗಳಿಗೆ ಅಡ್ಡಿಯಾಗುತ್ತದೆ.
ಆ) ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ನಿಯಮಗಳಂತೆ ಟೆಂಡರ್ ಸಲ್ಲಿಕೆಗೆ ನೀಡಬೇಕಾದ ಕನಿಷ್ಠ ಅವಧಿಯನ್ನು ಮತ್ತು ಮೌಲ್ಯಮಾಪನದ ಅವಧಿಯನ್ನು ಕಾರ್ಯಾದೇಶದ ಹಿಂದಿನ ವೇಳಾಪಟ್ಟಿಯಲ್ಲಿ ಸೇರಿಸಬೇಕು.
ಇ) ಚುನಾವಣಾ ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹೊಸ ಕಾಮಗಾರಿ ಆರಂಭಿಸುವಂತಿಲ್ಲ, ಸ್ಥಳದಲ್ಲಿ ಈಗಾಗಲೇ ಆರಂಭವಾದವು ಮುಂದುವರೆಯಬಹುದು.
ಈ) ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಸ್ಥಳೀಯ ಕೂಲಿಕಾರರ ಲಭ್ಯತೆ ಕಡಿಮೆಯಾಗುತ್ತದೆ.

3.5 ಹಣಕಾಸು

ಒಟ್ಟು ಅಂದಾಜಿನೊಂದಿಗೆ, ಯಾವ ತಿಂಗಳಿನಲ್ಲಿ ಎಷ್ಟು ಹಣ ಬೇಕಾಗುತ್ತದೆ ಎಂಬ ಮಾಸಿಕ ವಿವರವನ್ನೂ, ಅದು ಯಾವ ಲೆಕ್ಕ ಶೀರ್ಷಿಕೆಯಿಂದ ಭರಿಸಲ್ಪಡುತ್ತದೆ ಎಂಬುದನ್ನೂ ನಮೂದಿಸಬೇಕು. ಉದಾಹರಣೆಯ ಕಾಮಗಾರಿಯು ಏಪ್ರಿಲ್‌ನಲ್ಲಿ ಮುಗಿಯುವುದರಿಂದ ಅಂತಿಮ ಬಿಲ್ಲು ಮಾರ್ಚ್ 31ರ ನಂತರದ ಆರ್ಥಿಕ ವರ್ಷಕ್ಕೆ ಬರುತ್ತದೆ. ಮುಂದಿನ ವರ್ಷದ ಆಯವ್ಯಯದಲ್ಲಿ ಆ ಮೊತ್ತಕ್ಕೆ ಮುಂಚಿತವಾಗಿ ಅವಕಾಶ ಕಲ್ಪಿಸದಿದ್ದಲ್ಲಿ ಪ್ರಾಯೋಗಿಕ ಚಾಲನೆಯ ಹಂತದಲ್ಲಿ ಕೆಲಸ ನಿಲ್ಲುವ ಸಂಭವವಿರುತ್ತದೆ. ವಿದ್ಯುತ್ ಠೇವಣಿ, ರಸ್ತೆ ಮರುನಿರ್ಮಾಣ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳು ಸಣ್ಣ ಮೊತ್ತಗಳೆಂದು ಬಿಟ್ಟುಬಿಡಬಾರದು. ಅವು ಪಾವತಿಯಾಗದ ಹೊರತು ದೊಡ್ಡ ಮೊತ್ತದ ಕೆಲಸಗಳು ಪ್ರಯೋಜನಕ್ಕೆ ಬರುವುದಿಲ್ಲ.

3.6 ಹೊಣೆಗಾರಿಕೆ

ಪ್ರತಿ ಕೆಲಸದ ಎದುರಿಗೆ ಒಂದೇ ಒಂದು ಪದನಾಮವನ್ನು ಬರೆಯತಕ್ಕದ್ದು. "ಸಂಬಂಧಪಟ್ಟವರು" ಎಂದು ಬರೆದ ಕೆಲಸಕ್ಕೆ ಯಾರೂ ಸಂಬಂಧಪಟ್ಟವರಿರುವುದಿಲ್ಲ. ವಿದ್ಯುತ್ ಅರ್ಜಿ ಸಲ್ಲಿಸುವವರು ಕಿರಿಯ ಅಭಿಯಂತರರೇ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೇ ಅಥವಾ ಗುತ್ತಿಗೆದಾರರೇ ಎಂಬುದು ಮೊದಲ ದಿನವೇ ನಿರ್ಧಾರವಾಗಬೇಕು.

3.7 ಗುಣಮಟ್ಟ

ಯಾವ ಪರೀಕ್ಷೆ, ಯಾವ ಹಂತದಲ್ಲಿ, ಯಾರಿಂದ ಎಂಬುದನ್ನು ವೇಳಾಪಟ್ಟಿಯಲ್ಲಿಯೇ ಸೇರಿಸಬೇಕು. ಕಾಂಕ್ರೀಟಿನ ಘನಗಳ 28 ದಿನಗಳ ಬಲಪರೀಕ್ಷೆ, ಮುಚ್ಚುವ ಮುನ್ನ ಪೈಪ್ ಮಾರ್ಗದ ಒತ್ತಡ ಪರೀಕ್ಷೆ, ಜಲಸಂಗ್ರಹಾಗಾರದ ಸೋರಿಕೆ ಪರೀಕ್ಷೆ ಇವುಗಳಲ್ಲಿ ಮುಖ್ಯವಾದವು. ಮಾನಕ 10500ರ ಪ್ರಕಾರ ಫ್ಲೋರೈಡ್ ಪ್ರಮಾಣ ಲೀಟರಿಗೆ 1.0 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ; ಬೇರೆ ಜಲಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ನೈಟ್ರೇಟ್ ಮಿತಿ 45 ಮಿಲಿಗ್ರಾಂ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕಂಡುಬರುವುದರಿಂದ ಈ ವರದಿಯು ಕೈಸೇರುವ ಮೊದಲು ಮುಂದಿನ ಕೆಲಸಕ್ಕೆ ಆದೇಶ ನೀಡುವುದು ಅಪಾಯಕರ.

3.8 ಅಪಾಯ ಸಂಭವಗಳ ಪಟ್ಟಿ

ಸಂಭವಿಸಬಹುದಾದ ಅಡಚಣೆ, ಅದರ ಪರಿಣಾಮ, ಮುನ್ನೆಚ್ಚರಿಕೆ ಹಾಗೂ ಹೊಣೆ ಹೊತ್ತವರು ಎಂಬ ನಾಲ್ಕು ಕಲಂಗಳ ಪಟ್ಟಿ ಸಾಕು. ಉದಾಹರಣೆಗೆ, ಮಳೆಗಾಲ ಮುಗಿದ ಅಕ್ಟೋಬರ್‌ನಲ್ಲಿ ಅಳೆದ ಕೊಳವೆ ಬಾವಿಯ ಇಳುವರಿ ಏಪ್ರಿಲ್‌ನಲ್ಲಿ ಉಳಿಯದಿರಬಹುದು. ಇದಕ್ಕೆ ಮುನ್ನೆಚ್ಚರಿಕೆಯಾಗಿ ಸುತ್ತಲಿನ ಬಾವಿಗಳ ಬೇಸಿಗೆಯ ನೀರಿನ ಮಟ್ಟವನ್ನು ಗ್ರಾಮದ ನೀರಗಂಟಿಯವರಿಂದ ಹಾಗೂ ಲಭ್ಯ ದಾಖಲೆಗಳಿಂದ ತಿಳಿದು, ಪರ್ಯಾಯ ಜಲಮೂಲವನ್ನು ಗುರುತಿಸಿಡಬೇಕು. ನಿವೇಶನ ಕುರಿತ ತಕರಾರು, ಸಾಮಗ್ರಿಗಳ ಬೆಲೆ ಏರಿಕೆ, ಅಗೆತದಲ್ಲಿ ಬಂಡೆ ಸಿಗುವುದು ಇವು ಇತರ ಸಾಮಾನ್ಯ ಸಂಭವಗಳು.

4. ನಿರ್ವಹಣಾ ಯೋಜನೆಯ ಪಾಲನೆ

4.1 ಮೂಲ ಪ್ರತಿಯನ್ನು ಕಾಯ್ದಿರಿಸುವುದು

ಅನುಮೋದಿತ ಯೋಜನೆಗೆ ದಿನಾಂಕ ಮತ್ತು ಪ್ರತಿ ಸಂಖ್ಯೆ ನೀಡಿ ಕಡತದಲ್ಲಿ ಇಡತಕ್ಕದ್ದು. ಮುಂದೆ ಎಷ್ಟು ಬಾರಿ ಪರಿಷ್ಕರಿಸಿದರೂ ಈ ಮೂಲ ಪ್ರತಿಯನ್ನು ತಿದ್ದಬಾರದು ಮತ್ತು ತೆಗೆಯಬಾರದು. ಮೂಲ ದಿನಾಂಕವನ್ನು ಅಳಿಸಿ ಹೊಸ ದಿನಾಂಕ ಬರೆದಲ್ಲಿ ವಿಳಂಬವೇ ಕಾಣಿಸದಂತಾಗಿ, ಅದರ ಕಾರಣವೂ ಮರೆಯಾಗುತ್ತದೆ. ಮುಂದಿನ ಗ್ರಾಮದಲ್ಲಿ ಅದೇ ವಿಳಂಬ ಮರುಕಳಿಸುತ್ತದೆ.

4.2 ಪ್ರಗತಿ ಪರಿಶೀಲನೆ: ಮೂರು ಅಂಕಿಗಳು

ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಸಾಮಾನ್ಯವಾಗಿ ಅನುದಾನ ಮತ್ತು ವೆಚ್ಚ ಎಂಬ ಎರಡು ಅಂಕಿಗಳನ್ನು ಹೋಲಿಸಲಾಗುತ್ತದೆ. ವೆಚ್ಚವಾದ ಹಣವು ಮುಗಿದ ಕೆಲಸಕ್ಕೆ ಸಮವೆಂದು ಭಾವಿಸುವುದರಿಂದ ಈ ಹೋಲಿಕೆ ತಪ್ಪುದಾರಿಗೆ ಎಳೆಯಬಹುದು. ಆದ್ದರಿಂದ ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು.

ಅಂದಾಜು ಮೊತ್ತ ರೂ. 80 ಲಕ್ಷ ಇದ್ದು, ಡಿಸೆಂಬರ್ ಅಂತ್ಯಕ್ಕೆ ಯೋಜನೆಯಂತೆ ಶೇ. 40ರಷ್ಟು ಕೆಲಸ ಆಗಬೇಕಿತ್ತು ಎಂದಿಟ್ಟುಕೊಳ್ಳೋಣ.

ಅ) ಯೋಜಿತ ಕೆಲಸದ ಮೌಲ್ಯ: ರೂ. 32 ಲಕ್ಷ
ಆ) ಅಳತೆ ಪುಸ್ತಕದಂತೆ ಆದ ಕೆಲಸ ಶೇ. 30, ಅದರ ಅಂದಾಜು ಮೌಲ್ಯ: ರೂ. 24 ಲಕ್ಷ
ಇ) ಪಾವತಿಗೆ ಬಾಕಿ ಇರುವ ಬಿಲ್ಲುಗಳೂ ಸೇರಿ ವೆಚ್ಚ: ರೂ. 30 ಲಕ್ಷ

ಅ ಮತ್ತು ಇ ಅಂಕಿಗಳನ್ನು ಮಾತ್ರ ನೋಡಿದಲ್ಲಿ ಗುರಿಯ ಸುಮಾರು ಶೇ. 94ರಷ್ಟು ಪ್ರಗತಿಯಾದಂತೆ ತೋರುತ್ತದೆ. ವಾಸ್ತವದಲ್ಲಿ ಆಗಬೇಕಿದ್ದ ಕೆಲಸದಲ್ಲಿ ಆಗಿರುವುದು ಶೇ. 75 ಮಾತ್ರ (24 ಭಾಗಿಸು 32). ಅಲ್ಲದೆ ವೆಚ್ಚವಾದ ಪ್ರತಿ ರೂಪಾಯಿಗೆ 80 ಪೈಸೆಯಷ್ಟು ಕೆಲಸವಾಗಿದೆ (24 ಭಾಗಿಸು 30). ಇದೇ ರೀತಿ ಮುಂದುವರೆದರೆ ರೂ. 80 ಲಕ್ಷದ ಕಾಮಗಾರಿಗೆ ರೂ. 1 ಕೋಟಿ ಬೇಕಾಗುತ್ತದೆ. ಕಾಮಗಾರಿಗೆ ಇನ್ನೂ ಮೂರು ತಿಂಗಳಿಗಿಂತ ಹೆಚ್ಚು ಕಾಲಾವಕಾಶ ಇರುವಾಗಲೇ ಈ ಎಚ್ಚರಿಕೆ ದೊರೆಯುವುದು ಇದರ ಉಪಯೋಗ. ಲೆಕ್ಕಪತ್ರ ಶಾಖೆಯಲ್ಲಿರುವ ವೆಚ್ಚದ ಅಂಕಿ ಹಾಗೂ ತಾಂತ್ರಿಕ ಶಾಖೆಯಲ್ಲಿರುವ ಅಳತೆಯ ಅಂಕಿಗಳನ್ನು ತಿಂಗಳಿಗೊಮ್ಮೆ ಒಂದೇ ಹಾಳೆಗೆ ತರುವುದಷ್ಟೇ ಇದಕ್ಕೆ ಬೇಕಾದ ಶ್ರಮ.

ಪಾಕ್ಷಿಕ ಪರಿಶೀಲನೆಯಲ್ಲಿ ನಿರ್ಣಾಯಕ ಪಥದ ಕೆಲಸಗಳನ್ನೂ, ಬಿಡುವು ಎರಡು ವಾರಕ್ಕಿಂತ ಕಡಿಮೆಯಾಗಿರುವ ಕೆಲಸಗಳನ್ನೂ ಮೊದಲು ಚರ್ಚಿಸುವುದು ಸೂಕ್ತ. "ಪ್ರಗತಿಯಲ್ಲಿದೆ" ಎಂಬ ಷರಾ ಬರೆಯುವುದರ ಬದಲಿಗೆ ಮುಗಿದ ಪರಿಮಾಣ, ಉಳಿದ ಪರಿಮಾಣ ಮತ್ತು ಮುಗಿಯುವ ದಿನಾಂಕವನ್ನು ಬರೆಯತಕ್ಕದ್ದು.

4.3 ಬದಲಾವಣೆಗಳ ವಹಿ

ಯಾವ ಕಾಮಗಾರಿಯೂ ಬರೆದಂತೆಯೇ ನಡೆಯುವುದಿಲ್ಲ. ಬದಲಾವಣೆಯು ದೋಷವಲ್ಲ, ದಾಖಲೆಯಿಲ್ಲದ ಬದಲಾವಣೆಯು ದೋಷ. ಪ್ರತಿ ಬದಲಾವಣೆಗೂ ಕ್ರಮ ಸಂಖ್ಯೆ, ದಿನಾಂಕ, ಕಾರಣ, ಅವಧಿ ಮತ್ತು ವೆಚ್ಚದ ಮೇಲಿನ ಪರಿಣಾಮ, ಅನುಮೋದಿಸಿದ ಪ್ರಾಧಿಕಾರ ಇವುಗಳನ್ನು ವಹಿಯಲ್ಲಿ ನಮೂದಿಸಬೇಕು. ಹೆಚ್ಚುವರಿ ಅಂಶಗಳಿಗೆ ಸಕ್ಷಮ ಪ್ರಾಧಿಕಾರದ ಅನುಮೋದನೆಯನ್ನು ಕೆಲಸ ಮಾಡಿಸುವ ಮುನ್ನವೇ ಪಡೆಯತಕ್ಕದ್ದು. ಬಾಯಿಮಾತಿನ ಸೂಚನೆಯಂತೆ ಒಂದು ಬೀದಿಗೆ ಪೈಪ್ ಹಾಕಿಸಿ ನಂತರ ಅನುಮೋದನೆ ಕೋರಿದಲ್ಲಿ, ಗುತ್ತಿಗೆದಾರರ ಬಿಲ್ಲು ತಡೆಹಿಡಿಯಲ್ಪಡುವುದಲ್ಲದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೂ ಎಡೆಯಾಗುತ್ತದೆ.

ಸಮಗ್ರ ಯೋಜನೆಯ ಅವಧಿಯೇ ಬದಲಾಗುವುದೂ ಉಂಟು. ಜಲ ಜೀವನ್ ಮಿಷನ್‌ನ ಮೂಲ ಗುರಿ 2024 ಆಗಿದ್ದು, 2025ರ ಫೆಬ್ರವರಿ 1ರ ಕೇಂದ್ರ ಆಯವ್ಯಯದಲ್ಲಿ ಅದನ್ನು 2028ರವರೆಗೆ ವಿಸ್ತರಿಸುವುದಾಗಿ ಪ್ರಕಟಿಸಲಾಯಿತು. ಆದರೆ ಮೇಲಿನ ಹಂತದಲ್ಲಿ ಅವಧಿ ವಿಸ್ತರಣೆಯಾದ ಮಾತ್ರಕ್ಕೆ ಗ್ರಾಮ ಮಟ್ಟದ ಕಾಮಗಾರಿಯ ಕರಾರಿನ ಅವಧಿ ತಾನಾಗಿ ವಿಸ್ತರಣೆಯಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

4.4 ಅಧಿಕಾರಿಗಳ ವರ್ಗಾವಣೆ

ಕಾಮಗಾರಿಯ ನಡುವೆ ಅಧಿಕಾರಿಗಳ ವರ್ಗಾವಣೆ ಸಹಜ. ಪ್ರಭಾರ ಹಸ್ತಾಂತರಿಸುವಾಗ ಅಳತೆ ಪುಸ್ತಕಗಳ ಜೊತೆಗೆ ಚಾಲ್ತಿ ನಿರ್ವಹಣಾ ಯೋಜನೆ, ಬದಲಾವಣೆಗಳ ವಹಿ ಮತ್ತು ಬೇರೆ ಕಚೇರಿಗಳಿಂದ ಬರಬೇಕಾದ ಅನುಮತಿಗಳ ಪಟ್ಟಿಯನ್ನು ಸಹಿ ಪಡೆದು ನೀಡತಕ್ಕದ್ದು. ಹೊಸದಾಗಿ ಬಂದವರು ಕಡತ ಓದಿ ಅರ್ಥ ಮಾಡಿಕೊಳ್ಳಲು ತಗಲುವ ವಾರಗಳು ಇದರಿಂದ ಉಳಿಯುತ್ತವೆ.

5. ಮುಕ್ತಾಯ ಮತ್ತು ಹಸ್ತಾಂತರ

ಅಂತಿಮ ಬಿಲ್ಲಿನ ಪಾವತಿ ಕಾಮಗಾರಿಯ ಮುಕ್ತಾಯವಲ್ಲ. ಉದ್ದೇಶದಲ್ಲಿ ಬರೆದ ಅಳತೆಗೋಲಿನಂತೆ ಕೊನೆಯ ಬೀದಿಯ ಕೊನೆಯ ಮನೆಯಲ್ಲಿ ನೀರಿನ ಪ್ರಮಾಣ ಮತ್ತು ಗುಣಮಟ್ಟವನ್ನು ಪರೀಕ್ಷಿಸಿದ ನಂತರ ಪೂರ್ಣಗೊಂಡ ಪ್ರಮಾಣಪತ್ರ ನೀಡುವುದು ಸೂಕ್ತ. ಹಸ್ತಾಂತರದ ವೇಳೆ ಪೈಪ್ ಮಾರ್ಗದ ವಾಸ್ತವಿಕ ನಕ್ಷೆ, ಕವಾಟಗಳ ಸ್ಥಳ, ಪಂಪಿನ ಖಾತರಿ ಪತ್ರ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಹಾಗೂ ಮಾಸಿಕ ವಿದ್ಯುತ್ ಬಿಲ್ಲಿನ ಅಂದಾಜನ್ನು ಗ್ರಾಮ ಪಂಚಾಯತಿಗೆ ಮತ್ತು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ನೀಡಬೇಕು. ಮಿಷನ್ ಮಾರ್ಗಸೂಚಿಯಂತೆ ಈ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರತಕ್ಕದ್ದು. ನೀರು ಬಾರದ ದಿನಗಳ ಲೆಕ್ಕ ಮೊದಲು ತಿಳಿಯುವುದು ಮನೆಗೆ ನೀರು ತುಂಬುವವರಿಗೇ ಆದ್ದರಿಂದ, ಪ್ರಾಯೋಗಿಕ ಚಾಲನೆಯ ಮೂರು ವಾರಗಳಲ್ಲಿ ಅವರ ಅಭಿಪ್ರಾಯವನ್ನು ದಾಖಲಿಸುವುದು ಅವಶ್ಯಕ.

6. ಸಾರ್ವಜನಿಕರ ಪಾತ್ರ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿ ಸಾರ್ವಜನಿಕ ಪ್ರಾಧಿಕಾರವು ತನ್ನ ಯೋಜನೆಗಳು, ಉದ್ದೇಶಿತ ವೆಚ್ಚ ಮತ್ತು ಬಟವಾಡೆಯ ವಿವರಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕು. ಪ್ರಕರಣ 2(ಜೆ) ಅನ್ವಯ ಕಾಮಗಾರಿ ಮತ್ತು ದಾಖಲೆಗಳನ್ನು ಪರಿಶೀಲಿಸುವ ಹಾಗೂ ಸಾಮಗ್ರಿಗಳ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ನಾಗರಿಕರಿಗಿದೆ. ಗ್ರಾಮ ಸಭೆಯಲ್ಲಿ ಕೆಳಕಂಡ ಪ್ರಶ್ನೆಗಳನ್ನು ಕೇಳುವುದರಿಂದ ಕಾಮಗಾರಿಯ ನಿಜಸ್ಥಿತಿ ತಿಳಿಯುತ್ತದೆ.

1) ಮೂಲ ಯೋಜನೆಯಲ್ಲಿ ಮುಗಿಯುವ ದಿನಾಂಕ ಯಾವುದು? ಈಗ ಯಾವುದು? ಬದಲಾಗಿದ್ದಲ್ಲಿ ಕಾರಣವೇನು?
2) ಇದುವರೆಗೆ ಆದ ವೆಚ್ಚ ಎಷ್ಟು? ಅಳತೆಯಾದ ಕೆಲಸ ಎಷ್ಟು?
3) ವಿದ್ಯುತ್ ಸಂಪರ್ಕದ ಅರ್ಜಿ ಯಾವ ದಿನಾಂಕದಂದು ಸಲ್ಲಿಕೆಯಾಗಿದೆ?
4) ನೀರಿನ ಪರೀಕ್ಷಾ ವರದಿಯಲ್ಲಿ ಏನಿದೆ?
5) ನಮ್ಮ ಬೀದಿ ಮನೆಗಳ ಪಟ್ಟಿಯಲ್ಲಿ ಇದೆಯೇ?

ನಿರ್ವಹಣಾ ಯೋಜನೆಯು ಸರಿಯಾಗಿ ಪಾಲನೆಯಾಗುತ್ತಿರುವ ಕಚೇರಿಯಲ್ಲಿ ಈ ಐದೂ ಪ್ರಶ್ನೆಗಳಿಗೆ ಒಂದೇ ಕಡತದಿಂದ ಆ ಕೂಡಲೇ ಉತ್ತರ ದೊರೆಯುತ್ತದೆ. ಉತ್ತರಕ್ಕಾಗಿ ಹಲವು ಕಡತಗಳನ್ನು ಹುಡುಕಬೇಕಾದಲ್ಲಿ ಯೋಜನೆಯು ಅನುಮೋದನೆಗಾಗಿ ಮಾತ್ರ ತಯಾರಾಗಿದೆ ಎಂದು ತಿಳಿಯಬಹುದು. ಆದುದರಿಂದ ಕಾಮಗಾರಿಗಳ ಅನುಷ್ಠಾನದಲ್ಲಿ ತೊಡಗಿರುವ ಎಲ್ಲರೂ ಯೋಜನೆಯನ್ನು ತಿಂಗಳಿಗೊಮ್ಮೆಯಾದರೂ ಪರಿಶೀಲಿಸಿ ಚಾಲ್ತಿಯಲ್ಲಿಡಬೇಕೆಂದು ಹಾಗೂ ಸಾರ್ವಜನಿಕರು ಗ್ರಾಮ ಸಭೆಗಳಲ್ಲಿ ಭಾಗವಹಿಸಿ ಸಹಕರಿಸಬೇಕೆಂದು ಕೋರಲಾಗಿದೆ.